"ಡಬಲ್ ಪಾಯ ಐತೆ" ಅಂದರೆ ಅಗೆದು ತೋರಿಸಲು ಹೇಳಿ

ದಾವಣಗೆರೆಯ ಹಳೇ ಬಡಾವಣೆಗಳಲ್ಲಿ ಒಂದಂತಸ್ತಿನ ಹಳೇ ಮನೆ ಹುಡುಕುತ್ತಿರುವವರು ಇದನ್ನು ಓದಿ. ಪಿ.ಜೆ. ಬಡಾವಣೆ ಇರಲಿ, ಕೆ.ಟಿ.ಜೆ. ನಗರ ಇರಲಿ, ವಿನೋಬನಗರ ಇರಲಿ, ವಿಷಯ ಒಂದೇ. ನಮ್ಮ ಅಕ್ಕ-ಭಾವನ 5 ಲಕ್ಷ ರೂಪಾಯಿ ಸಿಕ್ಕಿಹಾಕಿಕೊಂಡ ಮನೆ ಈಗ ಮತ್ತೆ ಮಾರಾಟಕ್ಕೆ ಬಂದಿದೆ. ಯಾವ ಮನೆ, ಯಾರ ಮನೆ ಅಂತ ಬರೆಯುವ ಹಾಗಿಲ್ಲ, ವಕೀಲರು ಬೇಡ ಅಂದಿದ್ದಾರೆ. ಆದರೆ ಅಲ್ಲಿ ಹೇಳುವ ಮಾತು ಏನು ಅಂತ ಹೇಳಬಹುದಲ್ವಾ? "ಡಬಲ್ ಪಾಯ ಐತ್ರಿ ಸಾರ್, ಮೇಲೆ ಇನ್ನೆರಡು ಮಹಡಿ ಆರಾಮಾಗಿ ಎಬ್ಬಿಸ್ಬೋದು."

ಹಳೇ ಮನೆಗೆ ಜನ ಸೈಟಿನ ಬೆಲೆಗಿಂತ ಎಷ್ಟೋ ಜಾಸ್ತಿ ಕೊಡಲು ಒಪ್ಪುವುದೇ ಈ ಒಂದು ಮಾತಿಗೆ. ಕೆಳಗೆ ನಾವಿರೋಣ, ಮೇಲೆ ಕಟ್ಟಿ ಬಾಡಿಗೆಗೆ ಕೊಡೋಣ. ಇದು ಕಾಲೇಜುಗಳ ಊರು, ಬಾಡಿಗೆಗೆ ಬರುವವರಿಗೆ ಬರವಿಲ್ಲ. ಭಾವನ ಲೆಕ್ಕವೂ ಅದೇ ಆಗಿತ್ತು, ತಪ್ಪೇನಿಲ್ಲ.

ಮನೆ 1980ರ ಸುಮಾರಿನದು. ನೋಡಲು ಲಕ್ಷಣವಾಗಿತ್ತು. ತೇಗದ ಬಾಗಿಲು, ಹಿತ್ತಲಲ್ಲಿ ಬೇವಿನ ಮರ, ಗೋಡೆಗೆಲ್ಲ ಹೊಸ ಬಣ್ಣ, ಹಾಲ್‌ಗೆ ಹೊಸ ಪಿಒಪಿ ಸೀಲಿಂಗ್. ತೋರಿಸಿದ್ದು ಏಪ್ರಿಲ್‌ನಲ್ಲಿ. ನಮ್ಮೂರ ಏಪ್ರಿಲ್ ಬಿಸಿಲಿಗೆ ಎಂಥ ಸೋರುವ ತಾರಸಿಯೂ ಒಣಗಿ ಗರಿಗರಿಯಾಗಿರುತ್ತದೆ. ಹಳೇ ಮನೆ ಮಾರುವವರು ಯುಗಾದಿ ಮುಗಿದ ಕೂಡಲೇ ಬಣ್ಣ ಹೊಡೆಸುವುದು ಸುಮ್ನೆ ಅಲ್ಲ.

ಪಾಯ ಅಗೆದು ನೋಡುತ್ತೇವೆ ಅಂತ ಭಾವ ಮೊದಲೇ ಕೇಳಿದ್ದರು. ಮಾಲೀಕರು ಒಪ್ಪಲಿಲ್ಲ. "ಬಂದೋರೆಲ್ಲ ಅಗೆದ್ರೆ ನಮ್ಮನೆ ಗತಿ ಏನ್ರಿ? ಅಡ್ವಾನ್ಸ್ ಕೊಟ್ಟು ಕರಾರು ಮಾಡ್ಕಳ್ರಿ, ಆಮೇಲೆ ಎಲ್ಲಿ ಬೇಕಾದ್ರೂ ಅಗೀರಿ" ಅಂದರು. ಕೇಳಲು ನ್ಯಾಯ ಅನಿಸುವ ಮಾತು. ಬ್ರೋಕರ್ ಮಾಮೂಲಿನಂತೆ, ಇನ್ನೊಂದು ಪಾರ್ಟಿ ಕಾಯ್ತಾ ಇದೆ ಅಂದ. ಕರಾರು ಆಯಿತು, 5 ಲಕ್ಷ ಹೋಯಿತು.

ಆಮೇಲೆ ಇಂಜಿನಿಯರ್ ಬಂದು ಹಿತ್ತಲ ಗೋಡೆ ಪಕ್ಕ ಗುಂಡಿ ತೆಗೆಸಿದರು. ಎರಡೂವರೆ ಅಡಿಗೆ ಪಾಯದ ಕಲ್ಲು ಮುಗಿಯಿತು. ಅದರ ಕೆಳಗೆ ಅಪ್ಪಟ ಎರೆ ಮಣ್ಣು.

ಎರೆ ನೆಲದ ಗುಣ ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಹತ್ತಿಗೆ, ಜೋಳಕ್ಕೆ ಒಳ್ಳೆಯದು, ಮನೆಗೆ ಶನಿ. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಹಾಗಾಗಿ ಪ್ರತಿ ವರ್ಷ ಗೋಡೆಯನ್ನು ಅಷ್ಟಷ್ಟೇ ಎತ್ತಿ ಇಳಿಸುತ್ತದೆ, ಅದೂ ಒಂದೊಂದು ಮೂಲೆಯನ್ನು ಒಂದೊಂದು ಥರ. ಪಾಯ ಎರೆ ದಾಟಿ ಗಟ್ಟಿ ಗರಸಿನ ಮೇಲೆ ಕೂತಿರಬೇಕು. ಎರೆ ತುಂಬಾ ಆಳ ಇದ್ದರೆ ಅಂಡರ್ ರೀಮ್ಡ್ ಪೈಲ್ ಹಾಕುತ್ತಾರೆ, ಅಂದರೆ ಆಳಕ್ಕೆ ಕೊರೆದು ತುದಿ ಅಗಲ ಮಾಡಿದ ಕಾಂಕ್ರೀಟ್ ಕಂಬ. ಹಳೇ ಮನೆಗಳಿಗೆ ಅದೆಲ್ಲ ಎಲ್ಲಿಂದ ಬರಬೇಕು? ಎಲ್ಲ ಕಡೆ ಎರೆಯೇ ಇರುವುದಿಲ್ಲ, ಕೆಂಪು ಮಣ್ಣೂ ಸಿಗುತ್ತದೆ. ಅದಕ್ಕೇ ಪಕ್ಕದ ಮನೆಯವರು ಮೂರು ಮಹಡಿ ಕಟ್ಟಿದ್ದಾರೆ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಅವರು ಕೆಡವಿ, ಪಿಲ್ಲರ್ ಹಾಕಿ ಕಟ್ಟಿರಬಹುದು. ಈ ಮನೆಯಲ್ಲಿ ಪಿಲ್ಲರೇ ಇರಲಿಲ್ಲ, ತಾರಸಿಯ ಭಾರವೆಲ್ಲ ಗೋಡೆ ಮೇಲೆ.

ಗುಂಡಿ ತೆಗೆಯದೆಯೂ ಒಂದಷ್ಟು ಗೊತ್ತಾಗುತ್ತದೆ. ಕೂದಲೆಳೆಯಂಥ ಬಿರುಕು ಬರೀ ಪ್ಲಾಸ್ಟರಿನದು, ಬಿಡಿ. ಕಿಟಕಿ ಮೂಲೆಯಿಂದ ಓರೆಯಾಗಿ ಹತ್ತುವ ಬಿರುಕು, ಒಂದು ತುದಿ ಅಗಲ ಇನ್ನೊಂದು ತುದಿ ಸಣ್ಣ, ಗೋಡೆಯ ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಂಡರೆ ಪಾಯ ಕದಲಿದೆ ಅಂತಲೇ ಅನುಮಾನಪಡಿ. ಪುಟ್ಟಿ ಹಚ್ಚಿ ಮುಚ್ಚಿರುತ್ತಾರೆ, ಆದ್ದರಿಂದ ಬಣ್ಣ ಹೊಡೆಯದ ಕಡೆ ನೋಡಬೇಕು: ಗೋಡೆ ಕಪಾಟಿನ ಒಳಗೆ, ಅಟ್ಟದ ಮೇಲೆ, ಮೀಟರ್ ಬೋರ್ಡ್ ಹಿಂದೆ. ಬಾಗಿಲ ಮೇಲಂಚಿಗೆ ಕೈ ಆಡಿಸಿ. ಚೌಕಟ್ಟು ವಾಲಿದ ಮನೆಯಲ್ಲಿ ಬಾಗಿಲು ಹಿಡಿಯುತ್ತದೆ, ಬಡಗಿ ಬಂದು ಹೆರೆದಿರುತ್ತಾನೆ. ಈ ಮನೆಯ ಎರಡು ಕೋಣೆಗಳ ಬಾಗಿಲು ಹಾಗೆ ಹೆರೆದದ್ದು.

ಇನ್ನು ಆ ಚಂದದ ಪಿಒಪಿ. ಇಂಜಿನಿಯರ್ ಒಂದು ಲೈಟ್ ಬಿಚ್ಚಿಸಿ ತೂತಿನಲ್ಲಿ ಟಾರ್ಚ್ ಬಿಟ್ಟರು. ಮೇಲೆ ಆರ್‌ಸಿಸಿಯ ಚೂರು ಉದುರಿ ಸರಳು ಬಯಲಾಗಿತ್ತು, ತುಕ್ಕು ಪದರಪದರವಾಗಿ ಎದ್ದಿತ್ತು. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಕೆಳಗೆ ಸಿಮೆಂಟ್ ಬಳಿದರೆ ಅದು ನಿಲ್ಲುವುದಿಲ್ಲ. ಅವರು ಒಡೆದ ಜಾಗಕ್ಕೆ ಫಿನಾಲ್ಫ್ತಲೀನ್ ಚಿಮುಕಿಸಿದರು, ಹೈಸ್ಕೂಲ್ ಲ್ಯಾಬಿನಲ್ಲಿ ನೋಡಿದ್ದೆವಲ್ಲ, ಅದೇ. ಕಾಂಕ್ರೀಟಿನಲ್ಲಿ ಕ್ಷಾರ ಉಳಿದಿದ್ದರೆ ಗುಲಾಬಿ ಬಣ್ಣ ಬರುತ್ತದೆ. ಆ ಕ್ಷಾರವೇ ಕಬ್ಬಿಣವನ್ನು ತುಕ್ಕಿನಿಂದ ಕಾಯುವುದು. ಇಲ್ಲಿ ಸರಳಿನವರೆಗೂ ಬಣ್ಣ ಬರಲಿಲ್ಲ. ಮಹಡಿ ಎಬ್ಬಿಸುವುದು ದೂರ ಉಳಿಯಿತು, ಇದರ ಕೆಳಗೆ ಮಲಗುವುದೇ ಬೇಡ ಅಂದರು.

"ಕೆಡವಿ ಹೊಸದು ಕಟ್ರಿ" ಅಂದ ಬ್ರೋಕರ್, ಏನೂ ಆಗಿಲ್ಲವೇನೋ ಎಂಬಂತೆ. ಅಲ್ಲೂ ತೊಡಕು ಇತ್ತು. ಹಳೇ ಮನೆ ಸೈಟಿನ ಅಂಚಿನವರೆಗೂ ಕಟ್ಟಿದ್ದು. ಈಗ ಪಾಲಿಕೆ ಪರವಾನಗಿ ತೆಗೆದು ಕಟ್ಟಬೇಕಾದರೆ ನಿಯಮದಂತೆ ಸುತ್ತ ಜಾಗ ಬಿಡಬೇಕು, ಮನೆ ಹಳೆಯದಕ್ಕಿಂತ ಚಿಕ್ಕದಾಗುತ್ತದೆ. ಜೊತೆಗೆ ಒಂದು ಪಕ್ಕ ಕಾಮನ್ ಗೋಡೆ. ಪಕ್ಕದವರ ತಾರಸಿಯ ತೊಲೆಗಳೂ ಅದರ ಮೇಲೇ ಕೂತಿವೆ. ಅದನ್ನು ಮುಟ್ಟಿದರೆ ಮೊದಲು ನೆರೆಯವರ ಜೊತೆ ಜಗಳ. ಗೋಡೆ ಯಾರದು ಅಂತ ಹಳೇ ಪತ್ರದ ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರದಲ್ಲಿ, ನೋಡಿದರೆ ಸ್ಪಷ್ಟವಾಗಿ ಏನೂ ಬರೆದಿರಲಿಲ್ಲ.

ರಸ್ತೆಯದೂ ಒಂದು ಮಾತು. ಡಾಂಬರಿನ ಮೇಲೆ ಡಾಂಬರು, ಅದರ ಮೇಲೆ ಸಿಸಿ ರಸ್ತೆ ಹಾಕಿ ಹಾಕಿ ಹಳೇ ಮನೆಗಳ ಹೊಸ್ತಿಲು ರಸ್ತೆಗಿಂತ ತಗ್ಗಿಗೆ ಇಳಿದಿರುತ್ತವೆ. ಗೇಟಿನ ಮುಂದೆ ಹೊಸದಾಗಿ ಸಣ್ಣ ಕಟ್ಟೆ ಕಟ್ಟಿದ್ದಾರೆ ಅಂದರೆ ಮಳೆನೀರು ಒಳಗೆ ಬಂದಿದೆ ಅಂತ ಅರ್ಥ.

ಭಾವ ದುಡ್ಡು ವಾಪಸ್ ಕೇಳಿದರು. ಕರಾರಿನಲ್ಲಿ "ಖರೀದಿದಾರರು ಹಿಂದೆ ಸರಿದರೆ ಮುಂಗಡ ವಾಪಸಿಲ್ಲ" ಅಂತಿತ್ತು. ವಕೀಲರು ಹೇಳಿದ್ದು ಬೇರೆ: 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ, ಮಾರುವವರಿಗೆ ಗೊತ್ತಿರುವ, ಕೊಳ್ಳುವವರ ಕಣ್ಣಿಗೆ ಸಾಮಾನ್ಯವಾಗಿ ಬೀಳದ ದೊಡ್ಡ ದೋಷವನ್ನು ಮುಚ್ಚಿಡುವ ಹಾಗಿಲ್ಲ. ಆದರೆ ಅವರಿಗೆ ಗೊತ್ತಿತ್ತು ಅಂತ ತೋರಿಸಬೇಕಲ್ಲ. ಪಿಒಪಿ ಕೆಲಸ ಮಾಡಿದವನನ್ನು ಭಾವ ಹುಡುಕಿ ಹಿಡಿದರು. ಚೂರು ಬೀಳ್ತಾ ಇತ್ತು, ಅದಕ್ಕೇ ಹೊದಿಸೋಕೆ ಹೇಳಿದ್ರು ಅಂತ ಬಾಯಲ್ಲಿ ಹೇಳಿದ. ಬರೆದುಕೊಡು ಅಂದರೆ ಫೋನೇ ಎತ್ತುತ್ತಿಲ್ಲ. ನೋಟಿಸ್ ಹೋದ ಮೇಲೆ 2 ಲಕ್ಷ ಬಂದಿದೆ, ಉಳಿದದ್ದು ಇನ್ನೂ ಅಲ್ಲೇ ಇದೆ.

ಕಾಗದಪತ್ರ ಸರಿ ಇತ್ತು, ಆ ವಿಷಯದಲ್ಲಿ ಅವರನ್ನು ದೂರುವುದಿಲ್ಲ. ಇಸಿ (ಆಸ್ತಿ ಮೇಲೆ ಋಣ ಏನಾದರೂ ಇದೆಯಾ ಅಂತ ತೋರಿಸುವ ಪತ್ರ), ಇ-ಖಾತಾ (ಪಾಲಿಕೆಯ ಆಸ್ತಿ ದಾಖಲೆ), ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಗೆ ಬೇಕೇ ಬೇಕಾದ ಹೆಣ್ಣುಮಕ್ಕಳ ಸಹಿ, ಎಲ್ಲ ಇತ್ತು. ಕಾಗದ ಸರಿ ಇದ್ದರೆ ಮನೆ ಸರಿ ಇದೆ ಅಂದುಕೊಳ್ಳಬೇಡಿ, ಎರಡೂ ಬೇರೆ.

ಈಗ ಭಾವ ಬೇರೆ ಮನೆಗಳನ್ನು ನೋಡುತ್ತಿದ್ದಾರೆ. ಹಳೇ ಕಟ್ಟಡಕ್ಕೆ ಬೆಲೆ ಕಟ್ಟುವುದಿಲ್ಲ. ಸೈಟಿನ ಬೆಲೆ ಹಿಡಿದು, ಅದರಲ್ಲಿ ಕೆಡವುವ ಖರ್ಚು ಕಳೆದು, ತೇಗ, ಸೈಜುಗಲ್ಲಿಗೆ ಸಿಗುವಷ್ಟು ಕೂಡಿಸಿ ಮಾತಾಡುತ್ತಾರೆ. ಯಾರಾದರೂ ಡಬಲ್ ಪಾಯ ಅಂದರೆ, ಹಾಗಾದರೆ ಅದನ್ನೇ ಕರಾರಿನಲ್ಲಿ ಬರೆಯಿರಿ ಅನ್ನುತ್ತಾರೆ: ಪಾಯ ಇಷ್ಟು ಅಡಿ, ಗಟ್ಟಿ ನೆಲದ ಮೇಲಿದೆ, ಇಂಜಿನಿಯರ್ ವರದಿಯಲ್ಲಿ ಹಾಗಿಲ್ಲದಿದ್ದರೆ ಮುಂಗಡ ಪೂರ್ತಿ ವಾಪಸ್. ಇಲ್ಲಿಯವರೆಗೆ ಒಬ್ಬರು ಮಾತ್ರ ಬರೆಯಲು ಒಪ್ಪಿದ್ದಾರೆ. ಆ ಮನೆಯ ಗುಂಡಿ ತೆಗೆಯುವುದು ಮುಂದಿನ ಭಾನುವಾರ.