ನೆಲನೆಲ್ಲಿ ಮಾತ್ರೆ: ಮೂರು ತಿಂಗಳು ಬಳಸಿದ ಮೇಲೆ

ನನಗೆ ಹೆಪಟೈಟಿಸ್ ಬಿ (ಯಕೃತ್ತಿಗೆ ತಗಲುವ ವೈರಸ್ ಸೋಂಕು) ಇರುವುದು ಆರು ವರ್ಷಗಳ ಹಿಂದೆ ರಕ್ತದಾನ ಶಿಬಿರವೊಂದರಲ್ಲಿ ಗೊತ್ತಾಯಿತು. ಅಂದಿನಿಂದ ದಿನಕ್ಕೊಂದು ಟೆನೊಫೊವಿರ್ (ವೈರಸ್ ಹತ್ತಿಕ್ಕುವ ಮಾತ್ರೆ) ನುಂಗುತ್ತಿದ್ದೇನೆ. ಮನೆಯ ಹಿರಿಯರ ಒತ್ತಾಯಕ್ಕೆ ಮಣಿದು, ವೈದ್ಯರಿಗೂ ತಿಳಿಸಿ, ಅದರ ಜೊತೆಗೆ ನಮ್ಮೂರಿನ ಗ್ರಂಥಿಗೆ ಅಂಗಡಿಯಿಂದ ತಂದ ನೆಲನೆಲ್ಲಿ ಮಾತ್ರೆಯನ್ನು ಮೂರು ತಿಂಗಳು ಸೇವಿಸಿದೆ. ಅರವತ್ತು ಮಾತ್ರೆಗಳ ಡಬ್ಬಿಗೆ 190 ರೂಪಾಯಿ.

ಮಾತ್ರೆ ಹಸಿರು ಮಿಶ್ರಿತ ಕಂದು ಬಣ್ಣದ್ದು. ನಾಲಿಗೆಗೆ ತಾಗಿದರೆ ಕಹಿ ಗಂಟಲಿನವರೆಗೂ ಇಳಿಯುತ್ತದೆ. ಹೊಟ್ಟೆಗೆ ಯಾವ ತೊಂದರೆಯೂ ಆಗಲಿಲ್ಲ. ಆದರೆ ನೆಲನೆಲ್ಲಿಯ ಹೆಸರಿನಲ್ಲಿ ಒಂದೇ ಕುಲದ ಹಲವು ಗಿಡಗಳು ಮಾರುಕಟ್ಟೆಗೆ ಬರುತ್ತವೆಯಾದ್ದರಿಂದ, ಒಳಗಿರುವುದು ಯಾವುದೆಂದು ಡಬ್ಬಿಯ ಮೇಲೆ ನಮೂದಿಸದಿರುವುದು ಸಣ್ಣ ಲೋಪವಲ್ಲ.

ಫಲಿತಾಂಶದ ವಿಷಯಕ್ಕೆ ಬಂದರೆ, ನನ್ನ ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ಟೆನೊಫೊವಿರ್‌ನಿಂದ ಮೊದಲೇ ತಗ್ಗಿತ್ತು, ಎಸ್‌ಜಿಪಿಟಿಯೂ (ಯಕೃತ್ತಿನ ಹಾನಿ ತೋರಿಸುವ ರಕ್ತಪರೀಕ್ಷೆ) ಸರಿಯಿತ್ತು. ನೋಡಬೇಕಾಗಿದ್ದುದು ಸೋಂಕು ಇನ್ನೂ ಇದೆಯೆಂದು ತೋರಿಸುವ ಸರ್ಫೇಸ್ ಆಂಟಿಜನ್ ಎಂಬ ವೈರಸ್ ಪ್ರೋಟೀನ್ ಒಂದನ್ನೇ. ಅದು ಇಂದಿಗೂ ಪಾಸಿಟಿವ್. 1988ರಲ್ಲಿ ಮದ್ರಾಸಿನ ಸಂಶೋಧಕರು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ, ಮೂವತ್ತು ದಿನ ಈ ಗಿಡದ ಪುಡಿ ಸೇವಿಸಿದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ಈ ಆಂಟಿಜನ್ ಮಾಯವಾಯಿತೆಂದು ವರದಿ ಮಾಡಿದಾಗ ಜಗತ್ತೇ ಇತ್ತ ತಿರುಗಿ ನೋಡಿತ್ತು. ಆದರೆ ಬೇರೆ ಕಡೆ ನಡೆದ ಪರೀಕ್ಷೆಗಳಲ್ಲಿ ಅಂಥ ಫಲ ಮರುಕಳಿಸಲಿಲ್ಲ. ಮಾರಾಟಗಾರರು ಇಂದಿಗೂ ಮೊದಲ ಅರ್ಧವನ್ನಷ್ಟೇ ಹೇಳುತ್ತಾರೆ.

ನಮ್ಮಜ್ಜಿ ಕಾಮಾಲೆ ಬಂದವರಿಗೆ ನೆಲನೆಲ್ಲಿಯನ್ನು ಬೇರುಸಮೇತ ಅರೆದು ಮಜ್ಜಿಗೆಯಲ್ಲಿ ಕಲಸಿ ಕೊಡುತ್ತಿದ್ದರು, ಅವರು ಗುಣವಾಗುತ್ತಲೂ ಇದ್ದರು. ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುವುದರಿಂದ, ಆ ಗುಣದ ಕೀರ್ತಿ ಗಿಡದ ಪಾಲಾಯಿತೆಂದು ನನ್ನ ಊಹೆ. ವರ್ಷಗಟ್ಟಲೆ ಸದ್ದಿಲ್ಲದೆ ಉಳಿಯುವ ಬಿ ಮತ್ತು ಸಿ ವೈರಸ್‌ಗಳಿಗೆ ಆ ಲೆಕ್ಕ ಹೊಂದುವುದಿಲ್ಲ. ಹೆಪಟೈಟಿಸ್ ಸಿ ಇದ್ದವರಿಗಂತೂ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳ ಇಂಗ್ಲಿಷ್ ಮಾತ್ರೆಯಲ್ಲೇ ವೈರಸ್ ಹೋಗುತ್ತದೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆಯೂ ಔಷಧಿಯೂ ಉಚಿತ.

ನನ್ನ ಮುಖ್ಯ ಆಕ್ಷೇಪ ಮಾತ್ರೆಗಿಂತ ಅಂಗಡಿಯವರ ಮಾತಿನ ಮೇಲೆ. ಎರಡನೆಯ ಡಬ್ಬಿ ಕೊಡುವಾಗ ಅವರು, "ಇನ್ನು ಆ ಇಂಗ್ಲಿಷ್ ಮಾತ್ರೆ ಬಿಟ್ಟುಬಿಡಿ ಸಾರ್, ಇದೇ ಸಾಕು" ಎಂದರು. ಟೆನೊಫೊವಿರ್ ಹಠಾತ್ತನೆ ನಿಲ್ಲಿಸಿದರೆ ವೈರಸ್ ಮತ್ತೆ ಕೆರಳಿ ಯಕೃತ್ತೇ ಕೈಕೊಡುವ ಅಪಾಯವಿದೆಯೆಂದು ನಾನು ಹೇಳಿದಾಗ, ಅವರು ನಕ್ಕು ಚಿಲ್ಲರೆ ಎಣಿಸತೊಡಗಿದರು. ಐದಕ್ಕೆ ಎರಡು ಅಂಕ. ಆ ಎರಡೂ ಹೊಟ್ಟೆ ಕೆಡಿಸಲಿಲ್ಲವೆಂಬುದಕ್ಕೆ. ಮೂರನೆಯ ಡಬ್ಬಿಯ ನಂತರ ನಾನು ಮತ್ತೆ ಕೊಂಡಿಲ್ಲ.