ಬೆಸುಗೆ ನೋಡಿ ಕೊಂಡ ಮೊರಾಕೊ ಗ್ಲಾಸುಗಳು

ನಮ್ಮ ಅಪ್ಪ ಕುಮಟೆಯಲ್ಲಿ ಪಾತ್ರೆ ರಿಪೇರಿ ಮಾಡುತ್ತಿದ್ದರು. ತಾಮ್ರದ ಹಂಡೆಗೆ ತೇಪೆ, ಹಿತ್ತಾಳೆ ಪಾತ್ರೆಗೆ ಕಲಾಯಿ, ಕೊಡದ ಕಂಠಕ್ಕೆ ಬೆಸುಗೆ. ಶಾಲೆ ಬಿಟ್ಟು ಬಂದ ಮೇಲೆ ತಿದಿ ಒತ್ತುವ ಕೆಲಸ ನನ್ನದು. ಅದೇ ಅಭ್ಯಾಸ ಇನ್ನೂ ಉಳಿದಿದೆ. ಲೋಹದ ಯಾವ ಸಾಮಾನು ಕೈಗೆ ಬಂದರೂ ಮೊದಲು ಜೋಡಣೆ ಎಲ್ಲಿದೆ ಅಂತ ಹುಡುಕುತ್ತೇನೆ. ಹೊಳಪು ಆಮೇಲೆ.

ಈ ಗ್ಲಾಸುಗಳನ್ನು ಮೊದಲು ನೋಡಿದ್ದು ಭಟ್ಕಳದಲ್ಲಿ, ಗೆಳತಿಯ ಮನೆಯಲ್ಲಿ, ಹೋದ ವರ್ಷದ ರಂಜಾನ್ ಹಬ್ಬದ ದಿನ. ಊಟ ಆದ ಮೇಲೆ ಹಾಲಿಲ್ಲದ ಪುದೀನ ಚಾ ಬಂತು. ದೊಡ್ಡ ತಟ್ಟೆಯ ಮೇಲೆ ಹನ್ನೆರಡು ಸಣ್ಣ ಗ್ಲಾಸು. ಹಿಡಿ ಇಲ್ಲ. ಪ್ರತಿಯೊಂದರ ಕೆಳಗಿನ ಅರ್ಧಕ್ಕೆ ಬೆಳ್ಳಿ ಬಣ್ಣದ ಕುಸುರಿ ತಗಡು, ಹಳೆ ಮನೆಯ ಜಾಲಂದ್ರದ ಹಾಗೆ ತೂತು ತೂತು. ಆ ಒಂದೊಂದು ತೂತಿನಲ್ಲೂ ಚಾ ಜೇನುತುಪ್ಪದ ಹಾಗೆ ಕಾಣುತ್ತಿತ್ತು. ಗೆಳತಿಯ ಗಂಡ ದುಬೈಯಿಂದ ತಂದದ್ದಂತೆ, ಮಾಲು ಮೊರಾಕೊದ್ದು. ಚಾ ಮುಗಿದ ಮೇಲೂ ನಾನು ಗ್ಲಾಸನ್ನು ತಿರುಗಿಸಿ ತಿರುಗಿಸಿ ನೋಡುತ್ತಾ ಕೂತೆ. "ಅಷ್ಟು ಇಷ್ಟ ಆದ್ರೆ ಇಲ್ಲೇ ಪೇಟೆಯಲ್ಲಿ ಸಿಗ್ತದೆ ಮಾರಾಯ್ತಿ" ಅಂದಳು ಅವಳು.

ಚೌತಿಗೆ ಎರಡು ವಾರ ಇರುವಾಗ ಹೊನ್ನಾವರದಿಂದ ಬಸ್ಸು ಹತ್ತಿ ಹೋದೆ. ಚೀಲದಲ್ಲಿ ಒಂದು ಸಣ್ಣ ಅಯಸ್ಕಾಂತ, ಸ್ವಲ್ಪ ಹತ್ತಿ. ಇವೆರಡು ಯಾಕೆ ಅಂತ ಹೇಳುತ್ತೇನೆ, ಯಾಕೆಂದರೆ ನೀವು ಕೊಳ್ಳುವುದಾದರೆ ನಿಮಗೂ ಬೇಕಾಗುತ್ತದೆ.

ಅಂಗಡಿಯಲ್ಲಿ ಮೂರು ತರಹದ ಮಾಲು ಇತ್ತು. ಮೊದಲನೆಯದು ಬಣ್ಣದ ಗಾಜಿನ ಮೇಲೆ ಚಿನ್ನದ ಬಣ್ಣದ ಚಿತ್ತಾರ ಅಚ್ಚು ಹಾಕಿದ್ದು. ಆರಕ್ಕೆ 600 ರೂಪಾಯಿ. ನೋಡಲು ಚಂದ, ಆದರೆ ಉಗುರಿನಿಂದ ಗೀರಿದರೆ ಚಿನ್ನ ಉದುರುತ್ತಿತ್ತು. ಅದನ್ನು ಅಲ್ಲೇ ಬಿಟ್ಟೆ. ಎರಡನೆಯದು ತಗಡು ಸುತ್ತಿದ್ದೇ, ಆದರೆ ಅಯಸ್ಕಾಂತ ಹಿಡಿದಾಗ ಟಕ್ ಅಂತ ಅಂಟಿಕೊಂಡಿತು. ಒಳಗೆ ಕಬ್ಬಿಣ, ಮೇಲೆ ಬೆಳ್ಳಿ ಬಣ್ಣದ ಲೇಪ. ನಮ್ಮ ಕರಾವಳಿಯ ಉಪ್ಪು ಗಾಳಿಗೆ ಕಿಟಕಿಯ ಸರಳೇ ಉಳಿಯುವುದಿಲ್ಲ, ಇದು ಒಂದು ಮಳೆಗಾಲ ದಾಟೀತಾ? ಮೂರನೆಯದಕ್ಕೆ ಅಯಸ್ಕಾಂತ ಹಿಡಿಯಲಿಲ್ಲ. ಆರಕ್ಕೆ 2,700 ಅಂದ ಅಂಗಡಿಯ ಹುಡುಗ. "ಪ್ಯೂರ್ ಸಿಲ್ವರ್ ಅಕ್ಕಾ" ಅಂತಲೂ ಸೇರಿಸಿದ. ಬೆಳ್ಳಿ ಆಗಿದ್ದರೆ ಆ ರೇಟಿಗೆ ಒಂದೂ ಬರುತ್ತಿರಲಿಲ್ಲ. ಅದು ಜರ್ಮನ್ ಸಿಲ್ವರ್. ತಾಮ್ರ, ನಿಕ್ಕಲ್, ಸತು ಸೇರಿಸಿ ಮಾಡುವ ಲೋಹ, ಹೆಸರಲ್ಲಿ ಬಿಟ್ಟರೆ ಅದರಲ್ಲಿ ಬೆಳ್ಳಿ ಇರುವುದಿಲ್ಲ. ನಮ್ಮ ಕಡೆ ಆರತಿ ತಟ್ಟೆ, ಕುಂಕುಮದ ಬಟ್ಟಲು ಇದರಲ್ಲೇ ಬರುತ್ತವೆ, ಅಲ್ವಾ? ಮೊರಾಕೊದಲ್ಲೂ ಚಾ ಕೆಟಲು, ತಟ್ಟೆಗಳಿಗೆ ಇದೇ ಲೋಹ ಬಳಸುತ್ತಾರೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಗಟ್ಟಿ ಲೋಹ. ಅದರ ನಿಜವಾದ ಹೆಸರು ಹೇಳಿ ಮಾರಿದರೆ ಸಾಕಿತ್ತು. ಒಂದು ಮಾತು, ನಿಕ್ಕಲ್ ತಾಗಿದರೆ ತುರಿಕೆ ಬರುವವರು ಮನೆಯಲ್ಲಿದ್ದರೆ ಇದು ಬೇಡ.

ಇನ್ನು ಹತ್ತಿ. ಅಪ್ಪ ಕೆಲಸ ಮುಗಿದ ಪಾತ್ರೆಯ ಅಂಚಿಗೆ ಹತ್ತಿ ಉಜ್ಜುತ್ತಿದ್ದರು. ಒಂದು ಎಳೆ ಸಿಕ್ಕಿಕೊಂಡರೂ ಮತ್ತೆ ಅರ ಹಾಕುತ್ತಿದ್ದರು. ನಾನು ಒಂದೊಂದೇ ಗ್ಲಾಸಿನ ತಗಡಿನ ಮೇಲೆ ಹತ್ತಿ ಎಳೆದೆ. ಹುಡುಗ ಸುಮ್ನೆ ನೋಡುತ್ತಾ ನಿಂತ. ಎರಡು ಗ್ಲಾಸಿನಲ್ಲಿ ಎಳೆ ಸಿಕ್ಕಿತು, ಬೇರೆ ಪೆಟ್ಟಿಗೆಯಿಂದ ಎರಡು ತೆಗೆಸಿದೆ. ಉಳಿದದ್ದೆಲ್ಲ ರೇಷ್ಮೆಯ ಹಾಗೆ ಜಾರಿತು.

ಈಗ ಆ ತಗಡಿನ ಬಗ್ಗೆ ಹೇಳಲೇಬೇಕು. ಎಂಟು ಮೂಲೆಯ ನಕ್ಷತ್ರ, ಅದರ ಸುತ್ತ ಬಳ್ಳಿ, ಬಳ್ಳಿಯ ನಡುವೆ ಹನಿಯಾಕಾರದ ತೂತು. ದೂರದಿಂದ ಎಲ್ಲ ಒಂದೇ ಅನಿಸುತ್ತದೆ. ಹತ್ತಿರದಿಂದ ನೋಡಿದರೆ ಒಂದು ಹನಿ ಸ್ವಲ್ಪ ದಪ್ಪ, ಇನ್ನೊಂದು ಬಾಗಿದೆ. ಒಂದು ಗ್ಲಾಸಿನಲ್ಲಿ ಬಳ್ಳಿ ಕೊನೆಗೆ ಬಂದಾಗ ಜಾಗ ಸಾಲದೆ ಎಲೆಯೊಂದನ್ನು ಅರ್ಧಕ್ಕೆ ನಿಲ್ಲಿಸಿದ್ದಾರೆ. ಉಳಿ ಹಿಡಿದ ಕೈ ಆ ಜಾಗದಲ್ಲಿ ಲೆಕ್ಕ ತಪ್ಪಿದ್ದು ಗೊತ್ತಾಗುತ್ತದೆ. ನನಗೆ ಆರರಲ್ಲಿ ಅದೇ ಜಾಸ್ತಿ ಇಷ್ಟ. ತಗಡು ಸುತ್ತಿ ಬಂದು ಸೇರುವಲ್ಲಿ ಕೂದಲೆಳೆಯಷ್ಟು ಬೆಸುಗೆ. ಉಗುರು ಓಡಿಸಿದರೂ ತಡೆಯುವುದಿಲ್ಲ. ಬೆಸುಗೆಯನ್ನು ಇಷ್ಟು ತೆಳುವಾಗಿ ಹರಿಸುವುದು ಎಷ್ಟು ಕಷ್ಟ ಅಂತ ನಾನು ಬಲ್ಲೆ. ಸ್ವಲ್ಪ ಬಿಸಿ ಹೆಚ್ಚಾದರೆ ತವರ ಉಂಡೆಗಟ್ಟುತ್ತದೆ, ಕಡಿಮೆಯಾದರೆ ಹಿಡಿಯುವುದೇ ಇಲ್ಲ.

ಗಾಜಿನ ಬಗ್ಗೆ ಮಾತ್ರ ಅಷ್ಟು ಹೊಗಳಲಾರೆ. ಪೆಟ್ಟಿಗೆಯ ಮೇಲೆ ಪೂರ್ತಿ ಕೈಕೆಲಸ ಅಂತ ಬರೆದಿತ್ತು. ಬೆಳಕಿಗೆ ಹಿಡಿದರೆ ಗಾಜಿನ ಎರಡೂ ಬದಿಗೆ ಮೇಲಿನಿಂದ ಕೆಳಗೆ ಒಂದು ಗೆರೆ ಕಾಣುತ್ತದೆ. ಅದು ಅಚ್ಚಿನ ಗೆರೆ. ಕೈಕೆಲಸ ಇರುವುದು ಲೋಹದಲ್ಲಿ. ಕೊಳವೆಯಿಂದ ಊದಿ ಮಾಡಿದ ಗಾಜೇ ಬೇಕು ಅನ್ನುವವರಿಗೆ ಮೊರಾಕೊದ್ದೇ ಬೆಲ್ದಿ ಗ್ಲಾಸು ಅಂತ ಬೇರೆ ಇದೆ. ಹಳೆ ಗಾಜು ಕರಗಿಸಿ ಊದುತ್ತಾರೆ, ಒಳಗೆ ಸಣ್ಣ ಸಣ್ಣ ಗುಳ್ಳೆ ಇರುತ್ತವೆ. ಅದಕ್ಕೆ ಈ ಕುಸುರಿ ಇರುವುದಿಲ್ಲ.

ಫೆಸ್ ಅಂತ ಮೊರಾಕೊದಲ್ಲಿ ಹಳೆಯ ಊರು. ಅದರ ಕೋಟೆಯೊಳಗಿನ ಪೇಟೆ 1981ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಅಲ್ಲಿ ಸೆಫಾರೀನ್ ಅನ್ನುವ ಚೌಕ ಪೂರ್ತಿ ತಾಮ್ರ, ಹಿತ್ತಾಳೆ ಕೆಲಸದವರದ್ದು. ಗ್ಲಾಸು ತಂದ ರಾತ್ರಿ ಯೂಟ್ಯೂಬಿನಲ್ಲಿ ಅದನ್ನು ನೋಡಿದೆ. ನೆಲದಲ್ಲಿ ಕೂತು ಹಂಡೆ ಬಡಿಯುವ ಆ ಸದ್ದು, ನಡುವೆ ಸುತ್ತಿಗೆಯನ್ನು ಅಡಿಗಲ್ಲಿನ ಮೇಲೆ ಎರಡು ಸಲ ಖಾಲಿ ಕುಣಿಸುವುದು, ಎಲ್ಲ ಅಪ್ಪನದೇ. ಫೋನಿನಲ್ಲಿ ಅಪ್ಪನಿಗೂ ಕೇಳಿಸಿದೆ. "ತಾಮ್ರ ತೆಳುವಿದೆ, ಸದ್ದಲ್ಲೇ ಗೊತ್ತಾಗ್ತದೆ" ಅಂದರು.

ನಮ್ಮೂರಿಗೂ ಆ ದೇಶಕ್ಕೂ ಹಳೆ ಪರಿಚಯ ಇದೆ. ಮೊರಾಕೊದ ಟ್ಯಾಂಜಿಯರಿನಲ್ಲಿ 1304ರಲ್ಲಿ ಹುಟ್ಟಿದ ಪ್ರವಾಸಿ ಇಬ್ನ್ ಬತೂತ 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದಿದ್ದ. ಇಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆ ನೋಡಿದೆ ಅಂತ ಬರೆದಿದ್ದಾನೆ. ಇಲ್ಲಿಯ ಸುಲ್ತಾನನ ಮನೆಯ ಊಟವನ್ನೂ ವಿವರವಾಗಿ ಹೇಳಿದ್ದಾನೆ. ತಾಮ್ರದ ಮೇಜು, ಅದರ ಮೇಲೆ ತಾಮ್ರದ ತಟ್ಟೆ, ಅನ್ನ, ತುಪ್ಪ, ಮೆಣಸು, ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ಮೊರಾಕೊದವನೊಬ್ಬ ನಮ್ಮ ತಾಮ್ರ ನೋಡಿ ಬರೆದಿಟ್ಟ. ಆರುನೂರ ಎಂಬತ್ತು ವರ್ಷದ ಮೇಲೆ ಅವನ ದೇಶದ ಲೋಹದ ಕೆಲಸ ನನ್ನ ಮೇಜಿನ ಮೇಲೆ ಬಂತು. ಗ್ಲಾಸು ಒರೆಸುವಾಗಲೆಲ್ಲ ಇದು ನೆನಪಾಗುತ್ತದೆ.

ಚೌತಿಯ ದಿನ ಬಳಸಿದ್ದು ಹೇಳುತ್ತೇನೆ. ಊಟ ನಮ್ಮಲ್ಲಿ ನೆಲದ ಮೇಲೆ, ಬಾಳೆಎಲೆಯಲ್ಲಿ. ಅಲ್ಲಿ ಈ ಗ್ಲಾಸು ಇಡಲೇ ಬೇಡಿ. ಬಡಿಸುವವರ ಕಾಲಿಗೆ ಸಿಗುತ್ತದೆ. ನಾನು ಹೊರಗಿನ ಜಗುಲಿಯಲ್ಲಿ ಮೇಜು ಹಾಕಿ, ಬಿಳಿ ಪಂಚೆ ಹಾಸಿ, ಚಕ್ಕುಲಿ, ಪಂಚಕಜ್ಜಾಯದ ಜೊತೆ ಮುರುಗಲು ಪಾನಕ ಇಟ್ಟೆ. ನಮ್ಮ ಮುರುಗಲಿನ ಕೆಂಪು ಈ ಕುಸುರಿಗೆ ಹೇಳಿ ಮಾಡಿಸಿದ್ದು. ಮಧ್ಯಾಹ್ನದ ಬಿಸಿಲು ಓರೆಯಾಗಿ ಬಿದ್ದಾಗ ಪಂಚೆಯ ಮೇಲೆ ಕೆಂಪು ನಕ್ಷತ್ರಗಳು ಮೂಡಿದವು. ಮಕ್ಕಳು ಗ್ಲಾಸು ತಿರುಗಿಸಿ ತಿರುಗಿಸಿ ಅದನ್ನು ಓಡಿಸಿದರು. ಹುಳಿ ಪಾನೀಯ ತಾಮ್ರ ಬೆರೆತ ಲೋಹಕ್ಕೆ ತಾಗಬಾರದು. ಇದರಲ್ಲಿ ಲೋಹ ಹೊರಗೆ, ಅದೂ ಬಾಯಿಯಿಂದ ಎರಡು ಬೆರಳು ಕೆಳಗೆ ನಿಲ್ಲುತ್ತದೆ, ಆದ್ದರಿಂದ ಭಯವಿಲ್ಲ. ಅಂಚಿನವರೆಗೂ ತಗಡು ಬಂದಿರುವ ಗ್ಲಾಸು ಕೊಳ್ಳಬೇಡಿ.

ಒಂದು ತೊಂದರೆ ಅತ್ತೆಯಿಂದ ಗೊತ್ತಾಯಿತು. ಅವರು ಲೋಟ ಎತ್ತಿ ಕುಡಿಯುವವರು, ತುಟಿ ತಾಗಿಸುವುದಿಲ್ಲ. ಈ ಗಾಜಿನ ಬಾಯಿ ದಪ್ಪ, ದುಂಡಗೆ. ಎತ್ತಿ ಸುರಿದರೆ ಧಾರೆ ಹರಿಯದೆ ಗಾಜಿನ ಹೊರಮೈಗೆ ಇಳಿದು ನೇರ ತಗಡಿನ ಸಂದಿಗೆ ಹೋಯಿತು. ಅವರ ಸೀರೆಯೂ ಒದ್ದೆಯಾಯಿತು. ಸಂದಿಯಲ್ಲಿ ನಿಂತ ಪಾನಕ ಎರಡೇ ದಿನಕ್ಕೆ ಹಸಿರು ಕಿಲುಬು ತೋರಿಸಿತು. ಹಳೆ ಹಲ್ಲುಜ್ಜುವ ಬ್ರಷ್, ಉಗುರು ಬೆಚ್ಚಗಿನ ಸೋಪಿನ ನೀರು, ಆಮೇಲೆ ಬೋರಲು ಹಾಕಿ ಫ್ಯಾನಿನ ಕೆಳಗೆ ಒಂದು ರಾತ್ರಿ. ಇಷ್ಟು ಮಾಡಿದರೆ ಹೋಗುತ್ತದೆ. ಹಿತ್ತಾಳೆಗೆ ಉಜ್ಜುವ ಹಾಗೆ ಹುಣಸೆಹಣ್ಣು ಉಜ್ಜಬೇಡಿ, ತೂತುಗಳಲ್ಲಿ ಕೂತು ಅದೇ ಕಿಲುಬು ತರುತ್ತದೆ. ನೀರಲ್ಲಿ ನೆನೆಹಾಕುವುದಂತೂ ಬೇಡವೇ ಬೇಡ.

ದೀಪಾವಳಿಯಲ್ಲಿ ಒಂದು ಗ್ಲಾಸು ಒಡೆಯಿತು. ಬೂರೆ ಹಬ್ಬದ ಮುಂಜಾನೆ, ಎಣ್ಣೆ ಸ್ನಾನ ಆದ ಮೇಲೆ ಎಲ್ಲರಿಗೂ ಕಷಾಯ. ಕುದಿಯುತ್ತಿದ್ದದ್ದನ್ನು ನೇರವಾಗಿ ಸುರಿದೆ. ಮೂರನೆಯದಕ್ಕೆ ಟಿಕ್ ಅಂತ ಸದ್ದು, ತಳದಲ್ಲಿ ಅರ್ಧಚಂದ್ರದ ಬಿರುಕು. ತಳ ದಪ್ಪ. ಒಳಗಿನ ಗಾಜು ಬಿಸಿಗೆ ಹಿಗ್ಗಿತು, ಹೊರಗಿನದು ಇನ್ನೂ ತಣ್ಣಗಿತ್ತು. ಮೊರಾಕೊದವರು ಮೊದಲು ಒಂದು ಗ್ಲಾಸಿಗೆ ಚಾ ಸುರಿದು ಮತ್ತೆ ಕೆಟಲಿಗೇ ಹಾಕುತ್ತಾರೆ, ಸಕ್ಕರೆ ಬೆರೆಯಲಿ ಅಂತ. ಆಮೇಲೆ ತುಂಬಾ ಎತ್ತರದಿಂದ ಸಣ್ಣ ಧಾರೆಯಾಗಿ ಸುರಿಯುತ್ತಾರೆ, ನೊರೆ ಬರಲಿ ಅಂತ. ಆ ಧಾರೆ ಗಾಳಿಯಲ್ಲೇ ಸ್ವಲ್ಪ ಆರಿಯೂ ಆರುತ್ತದೆ. ನಾನೀಗ ಮೊದಲು ಬೆಚ್ಚಗಿನ ನೀರು ಹಾಕಿ ಚೆಲ್ಲಿ, ಆಮೇಲೆ ಕಷಾಯ ಎತ್ತಿ ಸುರಿಯುತ್ತೇನೆ. ಮತ್ತೆ ಒಂದೂ ಒಡೆದಿಲ್ಲ.

ಅಂಗಡಿಗೆ ಫೋನ್ ಮಾಡಿದರೆ ಬಿಡಿ ಗ್ಲಾಸು ಇಲ್ಲ, ಸೆಟ್ಟೇ ತಗೊಳ್ಳಿ ಅಂದರು. ಇದು ನನಗೆ ಸರಿ ಕಾಣಲಿಲ್ಲ. ಇಷ್ಟು ದುಡ್ಡಿನ ಮಾಲು ಮಾರುವವರು ಬಿಡಿಯಾಗಿ ನಾಲ್ಕು ಇಟ್ಟುಕೊಳ್ಳಬೇಕು.

ಒಡೆದದ್ದನ್ನು ಕುಮಟೆಗೆ ಒಯ್ದೆ. ಅಪ್ಪನಿಗೆ ಈಗ ಎಪ್ಪತ್ತೆಂಟು, ಕೆಲಸ ಬಿಟ್ಟು ವರ್ಷಗಳಾದವು. ಕನ್ನಡಕ ಹಾಕಿ ಬಹಳ ಹೊತ್ತು ತಳ ನೋಡಿದರು. ಅಲ್ಲಿ ನಾಲ್ಕು ಸಣ್ಣ ಹಲ್ಲುಗಳನ್ನು ಒಳಕ್ಕೆ ಮಡಚಿದ್ದರು. ಗಾಜು ಕೆಳಕ್ಕೆ ಸಪೂರ ಆಗುತ್ತಾ ಹೋಗುತ್ತದೆ, ತಗಡನ್ನು ಕೆಳಗಿನಿಂದ ಏರಿಸಿ, ಬಿಗಿಯಾದಲ್ಲಿ ನಿಲ್ಲಿಸಿ, ಹಲ್ಲು ಮಡಚಿದ್ದಾರೆ. ಅಂಟು ಹಾಕಿಲ್ಲ. "ನೋಡು, ಬಿಚ್ಚಲಿಕ್ಕೆ ಬರೋ ಹಾಗೇ ಮಾಡಿದ್ದಾನೆ" ಅಂದರು ಅಪ್ಪ. ಸಣ್ಣ ಇಕ್ಕಳದಲ್ಲಿ ಹಲ್ಲು ಒಂದೊಂದಾಗಿ ನೇರ ಮಾಡಿದರು. ತಗಡು ಕೈಗೆ ಜಾರಿ ಬಂತು, ಒಂದು ಗೀರಿಲ್ಲ.

ಅದಕ್ಕೆ ಸರಿಯಾದ ಗಾಜು ಹುಡುಕಲು ಕುಮಟೆ ಪೇಟೆಯಲ್ಲಿ ಮೂರು ಅಂಗಡಿ ತಿರುಗಿದೆ. ನಾಲ್ಕನೆಯದರಲ್ಲಿ 25 ರೂಪಾಯಿಯ ಒಂದು ಸಾದಾ ಗ್ಲಾಸು ಕೂತಿತು. ಅಪ್ಪ ಹಲ್ಲು ಮಡಚಿ, ಹತ್ತಿ ಉಜ್ಜಿ ನೋಡಿ ಕೊಟ್ಟರು. ಬೇರೆ ಐದು ನಸು ಹಸಿರು, ಇದು ಪೂರ್ತಿ ಬಿಳಿ. ಇದರ ಬಾಯಿ ತೆಳುವು, ಎತ್ತಿ ಸುರಿದರೆ ಧಾರೆ ನೆಟ್ಟಗೆ ಬರುತ್ತದೆ. ಅತ್ತೆ ಈಗ ಇದನ್ನೇ ಕೇಳುತ್ತಾರೆ.