ಹಿಮದ ಟೈರು ದೇವಿಮನೆ ಘಟ್ಟದ ಮಳೆಗಲ್ಲ

ಮಳೆಗಾಲಕ್ಕೆ ಮುಂಚೆ ಕಾರಿನ ಟೈರು ಬದಲಿಸಲು ಹೊರಟಿರುವವರಿಗೆ, ಅದರಲ್ಲೂ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯಿಂದ ಘಟ್ಟ ಇಳಿದು ಕರಾವಳಿಗೆ ಓಡಾಡುವವರಿಗೆ, ಕಳೆದ ವರ್ಷ ನಾನು ಹಣ ಉಳಿಸಲು ಹೋಗಿ ಮಾಡಿಕೊಂಡ ಎಡವಟ್ಟನ್ನು ತಿಳಿಸುವುದು ಅಗತ್ಯವೆನಿಸಿದೆ. ‘ವಿದೇಶದ ಸ್ನೋ ಟೈರು, ನಮ್ಮ ಮಳೆಗೆ ಇದಕ್ಕಿಂತ ಒಳ್ಳೆಯದಿಲ್ಲ’ ಎಂದು ಯಾರಾದರೂ ಬಳಸಿದ ಟೈರನ್ನು ಅರ್ಧಕ್ಕಿಂತ ಕಡಿಮೆ ಬೆಲೆಗೆ ತೋರಿಸಿದರೆ ದಯವಿಟ್ಟು ಕೊಳ್ಳಬೇಡಿ.

ನನ್ನ ಕಾರಿನ ಟೈರಿನ ಅಳತೆ 185/65 ಆರ್ 15. ನಾಲ್ಕೂ ಟೈರುಗಳ ಹಲ್ಲು ಸವೆದು, ಸವೆತದ ಮಿತಿ ತೋರಿಸುವ ಗುರುತಿನ ಪಟ್ಟಿಯವರೆಗೆ ಬಂದಿತ್ತು; ಹೊಸದಕ್ಕೆ ಶಿರಸಿಯಲ್ಲಿ ವಿಚಾರಿಸಿದಾಗ ನಾಲ್ಕಕ್ಕೆ ಇಪ್ಪತ್ತೆರಡು ಸಾವಿರ ರೂಪಾಯಿ ಎಂದರು. ಮಗಳ ಕಾಲೇಜಿನ ಶುಲ್ಕ ಕಟ್ಟಬೇಕಾದ ತಿಂಗಳು ಅದು. ನೆರೆಯ ಜಿಲ್ಲೆಯ ಪೇಟೆಯೊಂದರಲ್ಲಿ ಹಳೆಯ ಟೈರು ಮಾರುವವರಿದ್ದಾರೆಂದು ಪರಿಚಿತರೊಬ್ಬರು ಹೇಳಿದ್ದರಿಂದ ಅಲ್ಲಿಗೆ ಹೋದೆ. ಅಂಗಡಿಯವರು ಒಂದು ಟೈರನ್ನು ಉರುಳಿಸಿಕೊಂಡು ಬಂದು, ಆಳವಾದ ಹಲ್ಲುಗಳನ್ನೂ ಅವುಗಳ ಮೇಲಿನ ಕೂದಲೆಳೆಯಂಥ ಸೀಳುಗಳನ್ನೂ ತೋರಿಸಿ, “ಹಿಮದ ಮೇಲೇ ಜಾರದ ಟೈರು ಸಾರ್, ನಿಮ್ಮ ಮಳೆಯಲ್ಲಿ ಜಾರುತ್ತದೆಯೇ?” ಎಂದು ಕೇಳಿದರು. ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಒಂದಕ್ಕೆ 2,200ರಂತೆ ನಾಲ್ಕಕ್ಕೆ 8,800 ರೂಪಾಯಿ ಕೊಟ್ಟು, ಅವರು ಚೀಟಿಯಲ್ಲಿ ಬರೆದುಕೊಟ್ಟಿದ್ದನ್ನು ಜೇಬಿಗೆ ಹಾಕಿಕೊಂಡು, ಲಾಭವಾಯಿತೆಂದುಕೊಂಡೇ ಮನೆಗೆ ಬಂದೆ.

ಮೊದಲ ವಾರದಲ್ಲೇ ಎರಡು ಸೂಚನೆಗಳು ಸಿಕ್ಕಿದ್ದವು. ಐವತ್ತರ ವೇಗ ದಾಟಿದೊಡನೆ ಜೇನುಗೂಡಿನ ಬಳಿ ನಿಂತಂತೆ ಒಂದೇ ಸಮನೆ ಗುಂಯ್ ಎಂಬ ಸದ್ದು ಬರುತ್ತಿತ್ತು. ಸ್ಟೀರಿಂಗ್ ತಿರುಗಿಸಿದ ಮೇಲೆ ಕಾರು ಒಂದು ಕ್ಷಣ ಯೋಚಿಸಿ ತಿರುಗಿದಂತೆ ಭಾಸವಾಗುತ್ತಿತ್ತು. ಹೊಸ ಚಪ್ಪಲಿಯ ಹಾಗೆ ನಾಲ್ಕು ದಿನದಲ್ಲಿ ಸರಿಹೋಗುತ್ತದೆ ಎಂದು ಸುಮ್ಮನಾದೆ.

ಆರಿದ್ರಾ ಮಳೆ ಬಿಡದೆ ಸುರಿಯುತ್ತಿದ್ದ ಒಂದು ಬೆಳಿಗ್ಗೆ ತಾಯಿಯವರನ್ನು ಕುಮಟಾಕ್ಕೆ ಕರೆದುಕೊಂಡು ಹೊರಟಿದ್ದೆ. ದೇವಿಮನೆ ಘಟ್ಟದ ಇಳಿಜಾರಿನ ತಿರುವೊಂದರಲ್ಲಿ, ಮೇಲಿನಿಂದ ಹರಿದುಬಂದ ಕೆಂಪು ನೀರು ರಸ್ತೆಯನ್ನು ಅಡ್ಡಲಾಗಿ ದಾಟುತ್ತಿತ್ತು. ವೇಗ ನಲವತ್ತರ ಆಸುಪಾಸಿನಲ್ಲಿತ್ತು, ಬ್ರೇಕ್ ಒತ್ತಿದ್ದೂ ಮೆಲ್ಲಗೆ. ಸ್ಟೀರಿಂಗ್ ಏಕಾಏಕಿ ಹಗುರವಾಯಿತು. ಕಾರು ನಾನು ತಿರುಗಿಸಿದ ಕಡೆಗೆ ಹೋಗದೆ ನೇರವಾಗಿ ಜಾರಿ, ಗುಡ್ಡದ ಬದಿಯ ಗಟಾರಕ್ಕೆ ಎಡಗಾಲಿಯನ್ನು ಇಳಿಸಿ ನಿಂತಿತು. ತಿರುವು ಇನ್ನೊಂದು ದಿಕ್ಕಿನದಾಗಿದ್ದರೆ ಜಾರುತ್ತಿದ್ದುದು ಕಣಿವೆಯ ಬದಿಗೆ. ತಾಯಿಯವರ ಮೊಣಕೈಗೆ ಪೆಟ್ಟಾಯಿತು, ಅಷ್ಟಕ್ಕೇ ಮುಗಿಯಿತು. ಕಾರಿನ ರಿಮ್ ಬಾಗಿ, ಲೋವರ್ ಆರ್ಮ್ ಮತ್ತು ಬಂಪರ್ ಮುರಿದು, ಎಳೆದು ತಂದ ಗಾಡಿಯ ಬಾಡಿಗೆಯೂ ಸೇರಿ ಹದಿನಾರು ಸಾವಿರ ರೂಪಾಯಿ ಖರ್ಚಾಯಿತು. ನೋ ಕ್ಲೇಮ್ ಬೋನಸ್, ಅಂದರೆ ಪರಿಹಾರ ಕೇಳದವರಿಗೆ ವಿಮಾ ಕಂತಿನಲ್ಲಿ ಸಿಗುವ ರಿಯಾಯಿತಿ, ಕಳೆದುಕೊಳ್ಳಬೇಕಾಗುತ್ತದೆಂದು ವಿಮೆ ಕೇಳಲಿಲ್ಲ.

ಟೈರುಗಳಲ್ಲಿ ಏನು ತಪ್ಪಿತ್ತೆಂದು ತೋರಿಸಿಕೊಟ್ಟವರು ಕುಮಟಾದ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ ಮತ್ತು ಅದರೊಳಗೆ ಹಿಮದ ಹರಳಿನ ಚಿತ್ರವಿದ್ದರೆ ಅದು ಚಳಿಗಾಲದ ಟೈರು. ಉಷ್ಣತೆ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಸಾಧಾರಣ ಟೈರಿನ ರಬ್ಬರು ಬಿರುಸಾಗುತ್ತದೆ. ಆಗಲೂ ಮೆತ್ತಗಿರಲೆಂದು ಈ ಟೈರಿನ ರಬ್ಬರನ್ನು ಬೇರೆಯಾಗಿ ತಯಾರಿಸುತ್ತಾರೆ. ಸಣ್ಣ ಸೀಳುಗಳು ಹಿಮವನ್ನು ಕಚ್ಚಿ ಹಿಡಿಯುವುದಕ್ಕಾಗಿ ಇರುವಂಥವು. ನಮ್ಮ ಕರಾವಳಿಯಲ್ಲಿ ಎಂಥ ಜಡಿಮಳೆಯಲ್ಲೂ ಉಷ್ಣತೆ ಇಪ್ಪತ್ತು ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ. ಆ ಬಿಸಿಯಲ್ಲಿ ಈ ಮೆತ್ತನೆಯ ಹಲ್ಲುಗಳು ಭಾರ ಬಿದ್ದಾಗ ಅತ್ತಿತ್ತ ಬಾಗುತ್ತವೆ, ಬೇಗ ಸವೆಯುತ್ತವೆ, ಬ್ರೇಕ್ ಹಾಕಿದಾಗ ಕಾರು ಹೆಚ್ಚು ದೂರ ಹೋಗಿ ನಿಲ್ಲುತ್ತದೆ. ಅಂಗಡಿಯವರ ಪ್ರಶ್ನೆಗೆ ಉತ್ತರ ಇದು: ಹಿಮವೇ ಬೇರೆ, ಬೆಚ್ಚನೆಯ ನೀರೇ ಬೇರೆ.

ಎರಡನೆಯ ದೋಷ ವಯಸ್ಸಿನದು. ಟೈರಿನ ಪಕ್ಕದಲ್ಲಿ ಡಿಒಟಿ ಎಂಬ ಅಕ್ಷರಗಳಿಂದ ಆರಂಭವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ತಯಾರಾದ ವಾರವನ್ನೂ ಉಳಿದೆರಡು ವರ್ಷವನ್ನೂ ಹೇಳುತ್ತವೆ. ನನ್ನ ಒಂದು ಟೈರಿನಲ್ಲಿ 3814 ಎಂದಿತ್ತು, ಅಂದರೆ 2014ನೆಯ ಇಸವಿಯ 38ನೆಯ ವಾರ. ಈ ಪೂರ್ಣ ಸಾಲು ಸಾಮಾನ್ಯವಾಗಿ ಟೈರಿನ ಒಂದೇ ಬದಿಯಲ್ಲಿರುತ್ತದೆ. ನನ್ನ ಮೂರು ಟೈರುಗಳಲ್ಲಿ ಆ ಬದಿ ಒಳಗಾಗಿತ್ತು, ಕಾರನ್ನು ಎತ್ತಿದ ಮೇಲೆಯೇ ಕಂಡಿದ್ದು. ಮೆತ್ತಗಿರಬೇಕಾದ ರಬ್ಬರು ಅಷ್ಟು ವರ್ಷಗಳಲ್ಲಿ ಒಣಗಿ, ಹಲ್ಲುಗಳ ಬುಡದಲ್ಲಿ ಬಿರುಕು ಬಿಟ್ಟಿತ್ತು. ಹೀಗಾಗಿ ಹಿಮದ ಟೈರಿನ ಗುಣವೂ ಅದರಲ್ಲಿ ಉಳಿದಿರಲಿಲ್ಲ.

ಮೂರನೆಯದನ್ನು ಕೇಳಿ ನನಗೆ ಸಿಟ್ಟೇ ಬಂತು. ಈ ಟೈರುಗಳ ಹಲ್ಲು ಬಾಣದ ಆಕಾರದಲ್ಲಿದ್ದು, ಉರುಳಬೇಕಾದ ದಿಕ್ಕನ್ನು ತೋರಿಸುವ ಗುರುತು ಪಕ್ಕದಲ್ಲೇ ಇರುತ್ತದೆ. ಸರಿಯಾಗಿ ಹಾಕಿದರೆ ನೀರನ್ನು ಎರಡೂ ಬದಿಗೆ ತಳ್ಳುವ ಈ ವಿನ್ಯಾಸ, ತಿರುಗುಮುರುಗಾದರೆ ನೀರನ್ನು ನಡುವಿಗೆ ಸೇರಿಸುತ್ತದೆ. ನನ್ನ ಮುಂದಿನ ಎರಡೂ ಟೈರುಗಳು ಉಲ್ಟಾ ಆಗಿದ್ದವು. ಘಟ್ಟದಲ್ಲಿ ಸ್ಟೀರಿಂಗ್ ಹಗುರವಾದದ್ದು ಟೈರು ರಸ್ತೆಯನ್ನು ಬಿಟ್ಟು ನೀರಿನ ಪದರದ ಮೇಲೆ ತೇಲಿದ್ದರಿಂದ.

ಇಂಥ ಟೈರುಗಳು ಅಗ್ಗಕ್ಕೆ ಸಿಗುವುದೇಕೆಂಬುದೂ ಆಮೇಲೆ ಹೊಳೆಯಿತು. ಉದಾಹರಣೆಗೆ, ಹಿಮ ಬೀಳುವ ಯುರೋಪಿನ ಆಸ್ಟ್ರಿಯಾದಲ್ಲಿ ಹಲ್ಲಿನ ಆಳ 4 ಮಿ.ಮೀ.ಗಿಂತ ಕಡಿಮೆಯಾದರೆ ಅದನ್ನು ಚಳಿಗಾಲದ ಟೈರೆಂದು ಕಾನೂನು ಪರಿಗಣಿಸುವುದಿಲ್ಲ. ನಮ್ಮಲ್ಲಿ ಕಾರಿನ ಟೈರಿಗೆ ಕನಿಷ್ಠ ಆಳ 1.6 ಮಿ.ಮೀ. ಹೀಗಾಗಿ ಅಲ್ಲಿ ತೆಗೆದು ಬಿಸಾಕಬೇಕಾದದ್ದು ಇಲ್ಲಿ ನೋಡುವವರ ಕಣ್ಣಿಗೆ ಇನ್ನೂ ಚೆನ್ನಾಗಿರುವಂತೆಯೇ ಕಾಣುತ್ತದೆ. ನಮ್ಮ ದೇಶದಲ್ಲಿ ಮಾರುವ ಹೊಸ ಕಾರು ಟೈರಿನ ಮೇಲೆ ಐಎಸ್‌ಐ ಗುರುತು ಇರಲೇಬೇಕು. ನನ್ನ ನಾಲ್ಕರಲ್ಲಿ ಒಂದರ ಮೇಲೂ ಇರಲಿಲ್ಲ. ಬೇರೇನೂ ನೋಡದಿದ್ದರೂ ಇದೊಂದನ್ನು ನೋಡಿದ್ದರೆ ಅಂದೇ ಬರಿಗೈಯಲ್ಲಿ ವಾಪಸಾಗುತ್ತಿದ್ದೆ.

ಕೈಯಲ್ಲಿ ಹಣ ಕಡಿಮೆಯಿದ್ದಾಗ ಏನು ಮಾಡಬೇಕಿತ್ತೆಂದು ಮೆಕ್ಯಾನಿಕರನ್ನೇ ಕೇಳಿದೆ. “ಎರಡೇ ಹೊಸ ಟೈರು ತಕ್ಕೊಂಡು ಹಿಂದಕ್ಕೆ ಹಾಕಿಸಿ, ಹಳೆಯದರಲ್ಲಿ ಚೆನ್ನಾಗಿರುವ ಎರಡನ್ನು ಮುಂದಕ್ಕೆ ಹಾಕಬೇಕಿತ್ತು ಮಾರಾಯ್ರೆ, ಸ್ಟೆಪ್ನಿ ಹೊಸದೇ ಇತ್ತಲ್ಲ” ಎಂದರು. ಹೊಸದು ಮುಂದೆ ಇರಬೇಕೆಂದು ನಾನು ತಿಳಿದಿದ್ದೆ. ಹಿಂಗಾಲಿ ಜಾರಿದರೆ ಕಾರು ಸುತ್ತಿಬಿಡುತ್ತದೆ, ಅದನ್ನು ಸರಿಪಡಿಸಿಕೊಳ್ಳುವುದು ಕಷ್ಟ ಎಂದು ಅವರು ವಿವರಿಸಿದರು. ಟೈರು ತಯಾರಕರ ಸಲಹೆಯೂ ಇದೇ. ಸ್ಟೆಪ್ನಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರೆ ಹನ್ನೊಂದು ಸಾವಿರದಲ್ಲಿ ಮೂರು ಒಳ್ಳೆಯ ಟೈರುಗಳಾಗುತ್ತಿದ್ದವು, ನಾಲ್ಕನೆಯದನ್ನು ಮುಂದಿನ ತಿಂಗಳ ಸಂಬಳದಲ್ಲಿ ನೋಡಬಹುದಿತ್ತು.

ಕೊನೆಗೆ ಸಾಲ ಮಾಡಿ ನಾಲ್ಕೂ ಹೊಸದನ್ನೇ ಹಾಕಿಸಿದೆ. ಈ ಬಾರಿ ರಿಮ್ಮಿಗೆ ಏರಿಸುವ ಮೊದಲೇ ವಾರ ಮತ್ತು ವರ್ಷವನ್ನು ಓದಿಸಿ, ಅದನ್ನು ಬಿಲ್ಲಿನಲ್ಲಿ ಬರೆಯಿಸಿಕೊಂಡೆ. ಹಳೆಯ ಅಂಗಡಿಗೆ ಫೋನು ಮಾಡಿದಾಗ, ಬಳಸಿದ ಮಾಲಿಗೆ ಗ್ಯಾರಂಟಿ ಇಲ್ಲವೆಂದು ಚೀಟಿಯಲ್ಲೇ ಬರೆದಿದೆ ಎಂದರು. ಬರೆದದ್ದು ನಿಜ, ನಾನೇ ಓದಿರಲಿಲ್ಲ. ಬೇಕಿದ್ದರೆ ಒಂದಕ್ಕೆ ಐನೂರು ರೂಪಾಯಿಯಂತೆ ವಾಪಸು ತೆಗೆದುಕೊಳ್ಳುವುದಾಗಿ ಹೇಳಿದರು. ಎರಡು ಸಾವಿರ ರೂಪಾಯಿ ಆಗ ನನಗೆ ಬೇಡವಾಗಿತ್ತೆಂದಲ್ಲ. ಆದರೆ ಅವು ಮರುದಿನವೇ ಇನ್ನೊಬ್ಬರ ಕಾರಿಗೆ ಏರುತ್ತವೆಂದು ಗೊತ್ತಿದ್ದರಿಂದ, ನಾಲ್ಕರ ಪಕ್ಕವನ್ನೂ ಕತ್ತಿಯಿಂದ ಸೀಳಿ ಗುಜರಿಗೆ ಕೊಟ್ಟೆ.